ಅಮ್ಮನ ಟ್ರಂಕಿನಲ್ಲಿದ್ದ ಬಿಡುಗಡೆ ಪತ್ರ

ಹಾಸನ ಮತ್ತು ಸಕಲೇಶಪುರಗಳ ನಡುವೆ ಹೆದ್ದಾರಿಯ ಮೇಲಿರುವ ಬಾಳ್ಳುಪೇಟೆ ನಮ್ಮ ತವರು. ಅಮ್ಮ ತೀರಿಕೊಂಡು ಒಂದು ವರ್ಷ ತುಂಬಿದ ಕಾರ್ಯ ಮುಗಿಸಿದ ಮರುದಿನ ನಾವು ಮೂವರು ಅಕ್ಕತಂಗಿಯರು ಅವಳ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಮಂಚದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ಹೊರಗೆ ಎಳೆದೆವು. ಒಂದು ಮಳೆಗಾಲ ಮುಚ್ಚಿಟ್ಟಿದ್ದ ಪೆಟ್ಟಿಗೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮೇಲಿನ ಎರಡು ಸೀರೆಗಳಿಗೆ ಬೂಷ್ಟು ಹಿಡಿದಿತ್ತು. ಅದರ ಕೆಳಗಿನವುಗಳನ್ನು ಲಾವಂಚದ ಬೇರು ಕಾಪಾಡಿತ್ತು.

ಹಿರಿಯವಳಾದ ನಾನು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯದ ಆಡಳಿತ ಸೇವೆಯಲ್ಲಿದ್ದು ನಿವೃತ್ತಳಾದವಳು. ಹಂಚಿಕೆ ನನ್ನ ಓದಿನ ವಿಷಯವೂ ಹೌದು, ಕೆಲಸದ ವಿಷಯವೂ ಹೌದು. ಆದ್ದರಿಂದ ತಂಗಿಯರು ಆ ಹೊಣೆಯನ್ನು ನನ್ನ ತಲೆಗೇ ಕಟ್ಟಿದರು. ಸರದಿಯಂತೆ ಒಬ್ಬೊಬ್ಬರು ಒಂದೊಂದು ವಸ್ತುವನ್ನು ಆರಿಸಿಕೊಳ್ಳುವುದು, ಇಬ್ಬರು ಒಂದನ್ನೇ ಬಯಸಿದರೆ ಚೀಟಿ ಎತ್ತುವುದು ಎಂದು ಗೊತ್ತುಪಡಿಸಿದೆ. ಮೈಸೂರು ಸಿಲ್ಕ್ ಸೀರೆಗಳ ವಿಷಯದಲ್ಲಿ ಯಾರೂ ಗಂಟಲು ಎತ್ತರಿಸಲಿಲ್ಲ. ಬೆಳ್ಳಿಯ ಕುಂಕುಮದ ಭರಣಿ, ದೀಪದ ಕಂಬಗಳು ಸುಲಭವಾಗಿಯೇ ಹಂಚಿಹೋದವು. ಜಗಳ ಬಂದದ್ದು ಕಡುಬಿನ ಪಾತ್ರೆಗೆ, ಹಿಡಿ ಸಡಿಲವಾದ ಅಡಕತ್ತರಿಗೆ ಮತ್ತು ಒಂದು ಜೊತೆ ಬಳೆಗೆ.

ಆ ಬಳೆಗಳ ಕಥೆ ಸ್ವಲ್ಪ ಹೇಳಬೇಕು. 1963ರ ಜನವರಿಯಲ್ಲಿ, ಚೀನಾ ಯುದ್ಧದ ಬೆನ್ನಿಗೆ, ಆಗ ಹಣಕಾಸು ಸಚಿವರಾಗಿದ್ದ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡಬಾರದೆಂಬುದು ನಿಯಮ. ಅಂದರೆ ನೂರಕ್ಕೆ 58ರಷ್ಟು ಚಿನ್ನ, ಮಿಕ್ಕಿದ್ದು ಬೇರೆ ಲೋಹ. ಕೆಲವೇ ವರ್ಷಗಳಲ್ಲಿ ಈ ಮಿತಿ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಕೂಡ 1990ರಲ್ಲಿ ರದ್ದಾಯಿತು. ಆದರೆ ಆ ಅಲ್ಪಾವಧಿಯಲ್ಲಿ ಮಾಡಿಸಿದ ಬಳೆಗಳು ಅಮ್ಮನ ಬಳಿ ಉಳಿದುಬಿಟ್ಟವು. ಮದುವೆಯಲ್ಲಿ ತಂದಿದ್ದ ಅಪ್ಪಟ ಚಿನ್ನದ ಅವಲಕ್ಕಿ ಸರ, ಬೆಂಡೋಲೆ, ಜಡೆಬಿಲ್ಲೆಗಳು ನಮ್ಮ ಮದುವೆಗಳಿಗೋ, ತಮ್ಮನ ಓದಿಗೋ, ಜಮೀನಿಗೋ ಕರಗಿದವು. ಹದಿನಾಲ್ಕು ಕ್ಯಾರಟ್ಟಿನ ಬಳೆಯನ್ನು ಮಾತ್ರ ಯಾವ ಚಿನಿವಾರನೂ ಒಳ್ಳೆಯ ಬೆಲೆಗೆ ಕೇಳಲಿಲ್ಲ. ಮಾರುಕಟ್ಟೆ ಬೇಡವೆಂದ ಕಾರಣಕ್ಕೇ ಅವು ಈಗ ನಮಗೆ ಅಮ್ಮನ ನೆನಪಾಗಿವೆ. ಬೇರೆ ಮನೆಗಳ ಟ್ರಂಕುಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಇರಬೇಕು. ಮಾರಬಹುದಾದದ್ದನ್ನು ತಾಯಂದಿರು ಮಕ್ಕಳಿಗಾಗಿ ಬದುಕಿರುವಾಗಲೇ ಮಾರಿರುತ್ತಾರೆ.

ಟ್ರಂಕಿನ ತಳದಲ್ಲಿ ನಾಲ್ಕು ಲೆಕ್ಕದ ಪುಸ್ತಕಗಳು ಸಿಕ್ಕವು. ನಾಲ್ಕನೆಯ ತರಗತಿಯವರೆಗೆ ಓದಿದ್ದ ಅಮ್ಮನ ದುಂಡನೆಯ ಅಕ್ಷರಗಳಲ್ಲಿ ಮೆಣಸಿನ ತೂಕ, ಬೆಣ್ಣೆಯ ಬೆಲೆ, ಯಾರಿಗೆ ಎಷ್ಟು ಕೈಗಡ ಎಂಬ ವಿವರಗಳು. ಕಾಫಿಯ ಲೆಕ್ಕ ಅದರಲ್ಲಿ ಇಲ್ಲ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ, ಮನೆಬಳಕೆಗೂ ಬಿತ್ತನೆಗೂ ಬಿಟ್ಟ ಅಲ್ಪ ಪ್ರಮಾಣ ಹೊರತು, ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಒಟ್ಟುಗೂಡಿಕೆಗೆ ಸೇರಬೇಕಿತ್ತು. ಹಣ ಕಂತುಕಂತಾಗಿ ಬೆಳೆಗಾರನ ಹೆಸರಿಗೆ, ಅಂದರೆ ಅಪ್ಪನ ಹೆಸರಿಗೆ ಬರುತ್ತಿತ್ತು. 1990ರ ದಶಕದ ನಡುಭಾಗದಲ್ಲಿ ಮಾರಾಟ ಪೂರ್ತಿ ಮುಕ್ತವಾಗುವವರೆಗೆ ಇದೇ ಪದ್ಧತಿ. ನೆರಳು ಮರಗಳಿಗೆ ಹಬ್ಬಿದ ಮೆಣಸು ಈ ವ್ಯವಸ್ಥೆಗೆ ಹೊರಗಿತ್ತು. ಅದನ್ನು ಒಣಗಿಸಿ, ಕೇರಿ, ಮೂಟೆ ಕಟ್ಟಿ ಸಂತೆಗೆ ಕಳುಹಿಸುವ ಕೆಲಸ ನಮ್ಮ ಮನೆಯಲ್ಲಿ ಅಮ್ಮನದು, ಹಣವೂ ಅಮ್ಮನದು. ಗಿಡದ ಬುಡದಲ್ಲಿ ಉದುರಿದ ಕಾಫಿ ಹಣ್ಣನ್ನೂ ಆಯ್ದು ಆಕೆ ಗುಟ್ಟಾಗಿ ಮಾರುತ್ತಿದ್ದಳೆಂಬುದು ಎರಡನೆಯ ಪುಸ್ತಕದಿಂದ ತಿಳಿಯಿತು. ನಿಯಮದ ಪ್ರಕಾರ ಅದು ತಪ್ಪು. ನಿವೃತ್ತಿಯಾಗಿರುವುದರಿಂದ ಕ್ರಮ ಕೈಗೊಳ್ಳುವ ಅಧಿಕಾರ ನನಗಿಲ್ಲ.

ಈ ಹಣವೇ 1979ರಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಜಮೀನಾಯಿತು. ಅಮ್ಮನ ಹೆಸರಿನಲ್ಲಿಯೇ ಕ್ರಯವಾದ ಆ ತುಂಡು ಈಗ ಮೈತುಂಬಿದ ಕಾಫಿ ತೋಟ. ಕಾರ್ಯದ ಹಿಂದಿನ ರಾತ್ರಿ ತಮ್ಮ ಊಟದ ಮಧ್ಯೆ, "ದೊಡ್ಡಕ್ಕ, ಅಮ್ಮನ ತೋಟದ ಖಾತೆ ನನ್ನ ಹೆಸರಿಗೆ ಮಾಡಿಸಬೇಕು, ನೀವೆಲ್ಲ ಬಂದಾಗಲೇ ಒಂದು ಸಹಿ ಹಾಕಿ ಹೋದರೆ ಅನುಕೂಲ" ಎಂದಿದ್ದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಎಲ್ಲರ ಮನೆಯಲ್ಲಿಯೂ ನಡೆಯುವುದು ಅವನಿಗೆ ಸಹಜವಾಗಿ ತೋರಿತ್ತು. ನಮಗೂ ಸಹಜವಾಗಿಯೇ ತೋರಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಅಪ್ಪ ತೀರಿಕೊಂಡ ಮರುವರ್ಷ, 1998ರಲ್ಲಿ, ಅವನ ಪಾಲಿನಲ್ಲಿ ನಮಗೆ ಬರಬೇಕಾದುದನ್ನು ಹೀಗೆಯೇ ಬಿಟ್ಟುಕೊಟ್ಟಿದ್ದೆವು. ತಲಾ ಒಂದು ಮೈಸೂರು ಸಿಲ್ಕ್ ಸೀರೆ ಪಡೆದು ಸಂತೋಷವಾಗಿಯೇ ಊರಿಗೆ ಮರಳಿದ್ದೆವು.

ಕೊನೆಯ ಪುಸ್ತಕದ ಕೆಳಗೆ, ಮಡಿಲಕ್ಕಿ ಕಟ್ಟಿದ ಹಳೆಯ ಕಣದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಛಾಪಾ ಕಾಗದವಿತ್ತು. 1968ರ ಹಕ್ಕು ಬಿಡುಗಡೆ ಪತ್ರದ ನಕಲು. ಬಿಟ್ಟವಳು ಅಮ್ಮ. ಪಡೆದವರು ಅವಳ ಇಬ್ಬರು ಅಣ್ಣಂದಿರು. ಪ್ರತಿಫಲ ಒಂದು ಸೀರೆ, ಒಂದು ಹಿತ್ತಾಳೆ ಕೊಡ ಮತ್ತು ಅರಿಶಿನ ಕುಂಕುಮದ ಬಾಬ್ತು ನೂರೊಂದು ರೂಪಾಯಿ.

ಈ ಕಾಗದವನ್ನು ಅಮ್ಮ ನಮಗೆ ಒಮ್ಮೆಯೂ ತೋರಿಸಿರಲಿಲ್ಲ. 1998ರಲ್ಲಿ ನಾವು ಸಹಿ ಹಾಕುವಾಗ ಪಕ್ಕದಲ್ಲಿಯೇ ಕುಳಿತಿದ್ದಳು, ಆಗಲೂ ಹೇಳಲಿಲ್ಲ.

ಅಮ್ಮನ ತವರಿನದು ಹದಿನೆಂಟು ಎಕರೆಯ ಪಿತ್ರಾರ್ಜಿತ. ಅಜ್ಜಿ ಮೊದಲೇ ತೀರಿಕೊಂಡಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅಂದಿನ ಲೆಕ್ಕದಲ್ಲಿ, ಅಜ್ಜ ಸಾಯುವ ಕ್ಷಣದಲ್ಲಿ ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಪಾಲಾಯಿತೆಂದು ಭಾವಿಸಬೇಕು. ಅಜ್ಜನ ಭಾಗಕ್ಕೆ ಬಂದ ಆರು ಎಕರೆ ಮೂವರು ಮಕ್ಕಳಿಗೂ ಸಮ. ಹಾಗೆ ಅಮ್ಮನಿಗೆ ಬರಬೇಕಿದ್ದುದು ಎರಡು ಎಕರೆ, ಅಣ್ಣಂದಿರಿಗೆ ತಲಾ ಎಂಟು. ಆ ಎರಡು ಎಕರೆಯ ಬೆಲೆಯಾದ ಹಿತ್ತಾಳೆ ಕೊಡ ನಮ್ಮ ಬಚ್ಚಲಿನಲ್ಲಿ ಇಂದಿಗೂ ಇದೆ. ನಾವೆಲ್ಲರೂ ಅದರಿಂದಲೇ ನೀರು ಹೊಯ್ದುಕೊಂಡು ಬೆಳೆದೆವು.

ಮಗಳು ಪಾಲು ಬಿಡುವುದು ಅಜ್ಞಾನದಿಂದ, ಇಲ್ಲವೆ ಬಲವಂತದಿಂದ ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ವಿಷಯ ಅಷ್ಟು ಸರಳವಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು ದಕ್ಷಿಣ ಏಷ್ಯಾದ ಮಹಿಳೆಯರ ಭೂಹಕ್ಕಿನ ಬಗ್ಗೆ 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಬೇರೆಯ ದೃಷ್ಟಿಯಿಂದ ವಿವರಿಸಿದ್ದಾರೆ. ಗಂಡ ತೀರಿಕೊಂಡರೆ, ಬಿಟ್ಟರೆ, ಹೊಡೆದರೆ ಹೋಗಲು ಹೆಣ್ಣಿಗೆ ಇರುವುದು ಸೋದರನ ಮನೆಯೊಂದೇ. ಆ ಬಾಗಿಲು ತೆರೆದಿರಲೆಂದು ಆಕೆ ಭೂಮಿಯ ಹಕ್ಕನ್ನು ತೆರುತ್ತಾಳೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ತವರಿನ ವಿಮೆಗೆ ಕಟ್ಟುವ ಕಂತು. ಗೌರಿ ಹಬ್ಬದ ಬಾಗಿನ ಆ ವಿಮೆ ಜಾರಿಯಲ್ಲಿದೆ ಎಂಬುದಕ್ಕೆ ವರ್ಷಕ್ಕೊಮ್ಮೆ ಬರುವ ರಸೀದಿ.

ಆದರೆ ಈ ವಿಮೆಗೆ ಪಾಲಿಸಿ ಪತ್ರವಿಲ್ಲ. ಅಮ್ಮನ ತವರಿನ ಗದ್ದೆಗಳು ಆಲೂರು ಕಡೆ, ಹೇಮಾವತಿಯ ದಂಡೆಯಲ್ಲಿದ್ದವು. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿಗೆ ಆ ಗದ್ದೆ, ಮನೆ ಎಲ್ಲವೂ ಹೋದವು. ಪರಿಹಾರ ಹಕ್ಕುದಾಖಲೆಯಲ್ಲಿ ಹೆಸರಿದ್ದವರಿಗೆ ಬಂತು. ಅಮ್ಮನ ಹೆಸರು ದಾಖಲೆಯಲ್ಲಿರಲಿಲ್ಲ, ಇರಲು ಕಾರಣವೂ ಇರಲಿಲ್ಲ. ಮಾವಂದಿರು ಬೇರೆಬೇರೆ ಕಡೆ ನೆಲೆಸಿದರು. ಮೊದಲ ಕೆಲವು ವರ್ಷ ಬಾಗಿನ ಬಂತು, ಆಮೇಲೆ ಹಬ್ಬಕ್ಕೆ ಒಂದು ಇನ್‌ಲ್ಯಾಂಡ್ ಪತ್ರ, ಆಮೇಲೆ ಅದೂ ಇಲ್ಲ. ಅದೇ 1979ರಲ್ಲಿ ಅಮ್ಮ ತನ್ನ ಹೆಸರಿಗೆ ಜಮೀನು ಕೊಂಡದ್ದು ಕಾಕತಾಳೀಯವೆಂದು ಇದುವರೆಗೆ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಕಾಯ್ದೆ ಮಾಡಿತು. ಬ್ರಿಟಿಷ್ ಇಂಡಿಯಾದ ಇಂಥ ಕಾಯ್ದೆ ಬಂದದ್ದು 1937ರಲ್ಲಿ. ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಹಭಾಗಿಗಳನ್ನಾಗಿ ಮಾಡುವ ತಿದ್ದುಪಡಿಯನ್ನು ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ತಂದಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. ನಾವು ಮೂವರೂ ಆ ಹೊರಗಿನವರ ಸಾಲಿಗೆ ಸೇರಿದವರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆಯ ವಾಸದ ಮನೆಯಲ್ಲಿ ಮಗಳು ತಾನಾಗಿ ಪಾಲು ಕೇಳುವಂತಿಲ್ಲವೆಂಬ 23ನೆಯ ಕಲಮೂ ಅಂದೇ ಹೋಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಇಷ್ಟಾದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳ ಪೈಕಿ ಮಹಿಳೆಯರವು ನೂರಕ್ಕೆ ಸುಮಾರು 14 ಮಾತ್ರ, ವಿಸ್ತೀರ್ಣದಲ್ಲಿ ಇನ್ನೂ ಕಡಿಮೆ. ಕಾನೂನು ಕೊಟ್ಟದ್ದನ್ನು ವಾಪಸು ಪಡೆಯುವ ಕೆಲಸವನ್ನು ಬಹುಪಾಲು ಒಂದೇ ದಸ್ತಾವೇಜು ಮಾಡುತ್ತಿದೆ. ಉಪವಿಭಾಗಾಧಿಕಾರಿಯಾಗಿ ಹಕ್ಕುದಾಖಲೆಯ ಮೇಲ್ಮನವಿಗಳನ್ನು ಕೇಳುತ್ತಿದ್ದ ವರ್ಷಗಳಲ್ಲಿ ಇಂಥ ನೂರಾರು ಪತ್ರಗಳು ನನ್ನ ಮೇಜಿನ ಮೇಲೆ ಬಂದಿವೆ. ಸಹಿ ಇದೆಯೇ, ನೋಂದಣಿಯಾಗಿದೆಯೇ, ಸಾಕ್ಷಿಗಳಿದ್ದಾರೆಯೇ ಎಂದು ನೋಡಿದ್ದೇನೆ. "ಪ್ರೀತಿ ವಿಶ್ವಾಸದಿಂದ, ಸ್ವಇಚ್ಛೆಯಿಂದ" ಎಂಬ ಪದಗಳು ಎಲ್ಲ ಪತ್ರಗಳಲ್ಲಿಯೂ ಒಂದೇ ರೀತಿಯಲ್ಲಿ ಇರುತ್ತಿದ್ದುದನ್ನು ಗಮನಿಸಿದ್ದೇನೆ. ಬಿಟ್ಟುಕೊಟ್ಟದ್ದು ಎಷ್ಟು ಎಂದು ಆ ಹೆಣ್ಣುಮಗಳಿಗೆ ಗೊತ್ತಿತ್ತೇ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳುವುದು ನನ್ನ ಕರ್ತವ್ಯದ ಪಟ್ಟಿಯಲ್ಲಿರಲಿಲ್ಲ ಎಂಬ ಸಮಾಧಾನ ಈಗ ಸಾಲುತ್ತಿಲ್ಲ.

ನಮ್ಮ ನಡುವಿನ ತಂಗಿಯ ವಿಷಯ ಬೇರೆ. ಅವಳಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡು ಹತ್ತು ವರ್ಷ ಕಳೆದಿದೆ, ಹಾಸನದಲ್ಲಿ ಬಾಡಿಗೆಯ ಮನೆ. ಗಂಡ ಹೋದ ಹೊಸದರಲ್ಲಿ ಎಂಟು ತಿಂಗಳು ಅವಳನ್ನು ಇಟ್ಟುಕೊಂಡು ನೋಡಿಕೊಂಡವನು ಇದೇ ತಮ್ಮ. ವಿಮೆಯ ಮಾತನ್ನು ಆಡುವಾಗ ಇದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಎಂಟು ತಿಂಗಳ ನಂತರ ತಾನಾಗಿಯೇ ಹೊರಟಳು. ಯಾರೂ ಏನೂ ಅನ್ನಲಿಲ್ಲ, ಅನ್ನುವ ಮೊದಲೇ ಹೊರಟೆ ಎಂದಳು.

ಜಮೀನು ಹೆಣ್ಣುಮಕ್ಕಳ ಮೂಲಕ ಬೇರೆ ಮನೆತನಕ್ಕೆ ಹೋಗುತ್ತದೆಂಬ ಭಯ ನಮ್ಮ ಕಡೆ ಬಹಳ. ಈ ತಂಗಿಯ ಮಟ್ಟಿಗೆ ಅದಕ್ಕೆ ಆಧಾರವೇ ಇಲ್ಲ. ಮಕ್ಕಳಿಲ್ಲದ ಹೆಣ್ಣಿಗೆ ತಂದೆತಾಯಿಯಿಂದ ಬಂದ ಆಸ್ತಿ, ಆಕೆ ಉಯಿಲು ಬರೆಯದೆ ತೀರಿಕೊಂಡರೆ, 15ನೆಯ ಕಲಮಿನ ಪ್ರಕಾರ ತಂದೆಯ ವಾರಸುದಾರರಿಗೇ ಮರಳುತ್ತದೆ. ವಿಚಿತ್ರವೆಂದರೆ ಆಕೆ ತಾನೇ ದುಡಿದು ಗಳಿಸಿದ್ದು ಮಾತ್ರ ಗಂಡನ ಕಡೆಯವರಿಗೆ ಹೋಗುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದ ಹೆಣ್ಣುಮಗಳು ಮದುವೆಯಾದ ಮೂರು ತಿಂಗಳಿಗೇ ವಿಧವೆಯಾಗಿ, ಗಂಡನ ಮನೆಯಿಂದ ಹೊರಬಿದ್ದು, ತವರಿನಲ್ಲಿ ಓದಿ, ನೌಕರಿ ಮಾಡಿ ಗಳಿಸಿದ್ದಳು. ಆ ಗಳಿಕೆಯೆಲ್ಲ ಹೊರಹಾಕಿದ ಗಂಡನ ಮನೆಯವರ ಪಾಲಾಯಿತು. ಸಹಾನುಭೂತಿ ಬೇರೆ, ಕಾನೂನು ಬೇರೆ ಎಂದು ನ್ಯಾಯಾಲಯ ಹೇಳಬೇಕಾಗಿ ಬಂತು. ಶಾಸಕಾಂಗ ತಿದ್ದಬೇಕಾದ ಕಲಮು ಇದು.

ಹಿಡುವಳಿ ಚೂರುಚೂರಾಗುತ್ತದೆ, ಹದಿನೈದು ಗುಂಟೆಯ ತೋಟದಿಂದ ಯಾರಿಗೆ ಏನು ಗಿಟ್ಟುತ್ತದೆ ಎಂದು ಓದುಗರು ಕೇಳಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನೂ ಈ ವಾದವನ್ನು ಗೌರವಿಸುತ್ತೇನೆ. ಆದರೆ ಅಣ್ಣತಮ್ಮಂದಿರು ಐದು ಪಾಲು ಮಾಡಿಕೊಳ್ಳುವಾಗ ಈ ವಾದ ಕೇಳಿಬಂದದ್ದನ್ನು ನನ್ನ ಸೇವಾವಧಿಯಲ್ಲಿ ಕಾಣಲಿಲ್ಲ. ಅಲ್ಲದೆ ಒಡೆತನ ಎಂದರೆ ಬೇಲಿ ಎಂದೇನೂ ಅಲ್ಲ. ತೋಟ ಒಂದಾಗಿಯೇ ಇರಬಹುದು, ಸಾಗುವಳಿ ತಮ್ಮನದೇ ಆಗಿರಬಹುದು, ಪಹಣಿಯಲ್ಲಿ ನಾಲ್ಕು ಹೆಸರಿದ್ದು ಫಸಲಿನ ಹಣದಲ್ಲಿ ಒಪ್ಪಿದ ಭಾಗ ಬರಬಹುದು. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ ನಮ್ಮ ಪರಿಚಯದ ಮನೆಗಳಲ್ಲಿ ಮರೆತುಹೋಗಿದ್ದ ಅಕ್ಕತಂಗಿಯರಿಗೆ ದೂರವಾಣಿ ಕರೆಗಳು ಹೆಚ್ಚಾದವು. ಯೋಗಕ್ಷೇಮದ ಮಾತು ಮುಗಿದ ಮೇಲೆ ಸಹಿಯ ಮಾತು.

ಬಿಡುಗಡೆ ಪತ್ರವನ್ನೇ ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ತನ್ನದನ್ನು ಕೊಡುವ ಸ್ವಾತಂತ್ರ್ಯವೂ ಒಡೆತನದ ಒಂದು ಭಾಗ. ಆದರೆ ಬಿಡುವ ಪಾಲಿನ ವಿಸ್ತೀರ್ಣ ಎಷ್ಟು, ಮಾರ್ಗಸೂಚಿ ದರದಂತೆ ಅದರ ಬೆಲೆ ಎಷ್ಟು ಎಂಬುದನ್ನು ಪತ್ರದ ಮೊದಲ ಪುಟದಲ್ಲಿಯೇ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕೆಂದು ನಿಯಮ ಮಾಡುವುದಕ್ಕೆ ಸರ್ಕಾರಕ್ಕೆ ಖರ್ಚೇನೂ ಇಲ್ಲ. ನೋಂದಣಾಧಿಕಾರಿ ಆಕೆಯನ್ನು ಸೋದರರಿಲ್ಲದ ಕಡೆ ಕೂರಿಸಿ ಐದು ನಿಮಿಷ ಓದಿ ಹೇಳಬೇಕು. ಒಂದು ನಕಲನ್ನು ಆಕೆಯ ಕೈಗೇ ಕೊಡಬೇಕು. ಸಾವಿನ ಮನೆಗೆ ಬಂದವಳಿಂದ ಅದೇ ವಾರ ಸಹಿ ಪಡೆಯುವ ಆತುರಕ್ಕೆ ಒಂದು ತಡೆ ಇರಬೇಕು, ಮೂರು ತಿಂಗಳಾದರೂ.

ಇನ್ನು ನಮ್ಮ ಟ್ರಂಕಿನ ವಿಷಯ. ಹಂಚಿಕೆ ಮುಕ್ಕಾಲು ಮುಗಿದಾಗ ಬಾಗಿಲು ತೆರೆದು ತಮ್ಮನ ಹೆಂಡತಿ ಕಾಫಿ ತಂದಳು. ಮೂರು ಗುಪ್ಪೆಗಳನ್ನು ನೋಡಿದಳು. ಕಡುಬಿನ ಪಾತ್ರೆ ಚಿಕ್ಕ ತಂಗಿಯ ಗುಪ್ಪೆಯಲ್ಲಿತ್ತು. "ಅಕ್ಕಾ, ಅದು ನಾನು ದಿನಾ ಇಡುವ ಪಾತ್ರೆ" ಎಂದಷ್ಟೇ ಹೇಳಿದಳು. ಅಮ್ಮ ಹಾಸಿಗೆ ಹಿಡಿದ ಕೊನೆಯ ಆರು ವರ್ಷ ಎತ್ತಿ ಕೂರಿಸಿದ್ದು, ತೊಳೆದದ್ದು, ಉಣಿಸಿದ್ದು ಅವಳು. ನಾವು ತಿಂಗಳಿಗೋ ಎರಡು ತಿಂಗಳಿಗೋ ಬಂದು ಹಣ್ಣು ಇಟ್ಟು ಹೋದವರು. ಸೊಸೆಗೆ ಅತ್ತೆಯ ಆಸ್ತಿಯಲ್ಲಿ, ಗಂಡ ಬದುಕಿರುವಾಗ, ಕಾನೂನಿನ ಪಾಲು ಇಲ್ಲ. ರಕ್ತವನ್ನು ಎಣಿಸುವ ಕಾಯ್ದೆಗೆ ಆರೈಕೆಯನ್ನು ಎಣಿಸಲು ಬಾರದು. ಅದು ಕಾಯ್ದೆಯ ಮಿತಿ. ಬಾಗಿಲು ಮುಂದೆ ಮಾಡಿಕೊಂಡು ಹಂಚಲು ಕುಳಿತದ್ದು ನಮ್ಮದು. ಜಮೀನಿನಲ್ಲಿ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದು ಒಂದು ಗಂಟೆ ಮಾತನಾಡಿದ್ದ ನಾವು ಮೂವರಲ್ಲಿ ಒಬ್ಬಳಿಗೂ ಅವಳನ್ನು ಕರೆಯಬೇಕೆಂದು ಹೊಳೆದಿರಲಿಲ್ಲ.

ಚಿಕ್ಕವಳು ಪಾತ್ರೆಯನ್ನು ಎತ್ತಿ ಅವಳ ಕೈಗೆ ಕೊಟ್ಟಳು. ನಾವು ಗುಪ್ಪೆಗಳನ್ನು ಮತ್ತೆ ಒಂದು ಮಾಡಿ, ಅವಳನ್ನೂ ಕೂರಿಸಿಕೊಂಡು, ಸರದಿಯನ್ನು ಮೊದಲಿನಿಂದ ಆರಂಭಿಸಿದೆವು. ಮೊದಲ ಸರದಿ ಅವಳದು. ಹದಿನಾಲ್ಕು ಕ್ಯಾರಟ್ಟಿನ ಬಳೆ ತೆಗೆದುಕೊಂಡಳು.

ಸಂಜೆ ತಮ್ಮನಿಗೆ ವಿಷಯ ತಿಳಿಸಿದೆವು. ತೋಟದ ಪೌತಿ ಖಾತೆ ನಾಲ್ವರ ಹೆಸರಿಗೂ ಆಗಲಿ. ಆಮೇಲೆ ನಾನು ಮತ್ತು ಚಿಕ್ಕವಳು ನಮ್ಮ ಹದಿನೈದು ಹದಿನೈದು ಗುಂಟೆಯನ್ನು ನಡುವಿನವಳಿಗೆ ಬಿಟ್ಟುಕೊಡುತ್ತೇವೆ. ಸಾಗುವಳಿ ನೀನೇ ಮಾಡು, ಲೆಕ್ಕ ಬರೆದಿಡು ಎಂದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ನಂತರ, ಲೆಕ್ಕ ಬರೆಯುವುದು ತನ್ನಿಂದಾಗದು, ಹೆಂಡತಿ ಬರೆಯುತ್ತಾಳೆ ಎಂದ. ಒಪ್ಪಿಗೆಯೋ ಸಿಟ್ಟೋ ನನಗೆ ಇನ್ನೂ ಸ್ಪಷ್ಟವಿಲ್ಲ. ಪತ್ರ ಬರೆಯುವವರು ಕರಡಿನಲ್ಲಿ ಅಭ್ಯಾಸಬಲದಿಂದ ಅರಿಶಿನ ಕುಂಕುಮದ ಸಾಲನ್ನು ಸೇರಿಸಿದ್ದರು. ಅದನ್ನು ಹೊಡೆದುಹಾಕಿಸಿ ವಿಸ್ತೀರ್ಣವನ್ನೂ ಬೆಲೆಯನ್ನೂ ಬರೆಸಿದ್ದೇನೆ.

ಹೊರಡುವ ಬೆಳಿಗ್ಗೆ ತಮ್ಮನ ಹೆಂಡತಿ ಅಮ್ಮನ 1968ರ ಕಾಗದವನ್ನು ಒಮ್ಮೆ ಓದಲು ಕೇಳಿದಳು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು, ನಿಂತುಕೊಂಡೇ, ಚಕ್ಕುಬಂದಿಯವರೆಗೆ ಪೂರ್ತಿ ಓದಿದಳು. ಮಡಚಿ ನನ್ನ ಕೈಗಿಟ್ಟು, ಎರಡು ವರ್ಷದ ಹಿಂದೆ ತನ್ನ ತವರಿನಲ್ಲಿಯೂ ಸಹಿ ಹಾಕಿಸಿಕೊಂಡರೆಂದಳು. ಎಷ್ಟು ಎಕರೆಗೆ ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕ. ನನ್ನ ಹತ್ತಿರ ನಕಲು ಇಲ್ಲ."